ಒಂದೇ ಗೆರೆ

ತೋರಣಗಲ್ಲು. ಬೆಳಗಿನ ಏಳಕ್ಕೇ
ಚಿಮಣಿಗಳ ಹಿಂದೆ ಸೂರ್ಯ ಅದಿರಿನ ಬಣ್ಣಕ್ಕೆ ಬಂದಿದ್ದಾನೆ.
ಎಪ್ಪತ್ತು ಸೀಟಿನ ವಿಮಾನ
ಪ್ರೊಪೆಲ್ಲರಿಗೆ ಪಟ್ಟಿ ಕಟ್ಟಿಸಿಕೊಂಡು ನಿಂತಿದೆ.
ಬೀಗದ ಕೈ ಅಂತ ಒಂದಿಲ್ಲ ಇದಕ್ಕೆ.
ಮೊದಲು ಪುಸ್ತಕ ಓದಬೇಕು.

ದಪ್ಪ ರಟ್ಟು, ಮೂಲೆಗಳು ಎಣ್ಣೆ ಕುಡಿದು ಮೆತ್ತಗಾಗಿವೆ.
ಎಡಕ್ಕೆ ಹಾರಿಸಿದವರ ದೂರು, ಬಲಕ್ಕೆ ನೆಲದವರ ಉತ್ತರ.
ನಿನ್ನೆ ಸಂಜೆ ನಾನೇ ಬರೆದದ್ದು:
ಇಳಿಯುವಾಗ ಹಿಂಬಾಗಿಲ ಕಡೆ ಸಣ್ಣಗೆ ಸಿಳ್ಳೆ.
ಅದರೆದುರು, ರಾತ್ರಿ ಎರಡೂ ಹತ್ತಕ್ಕೆ, ಎರ್ರಿಸ್ವಾಮಿ ಎನ್ನುವವರು:
ರಬ್ಬರು ಒಂದು ಗೇಣು ಮಡಚಿತ್ತು. ಒಳಗೆ ಕೆಂಧೂಳು.
ಒರೆಸಿ ಕೂರಿಸಿದೆ. ಗಾಳಿ ತುಂಬಿ ನೋಡಿದೆ. ಸೋರಿಕೆ ಇಲ್ಲ.

ಎಲ್ಲ ಇಂಗ್ಲಿಷು, ಎಲ್ಲ ದೊಡ್ಡಕ್ಷರ.
ತಾರೀಕಿನ ಏಳು ಮಾತ್ರ ಕೈತಪ್ಪಿ
ಕನ್ನಡದ ೭ ಆಗಿಬಿಟ್ಟಿದೆ.
ಅದಕ್ಕೊಂದು ಗೆರೆ, ಪಕ್ಕದಲ್ಲಿ 7, ಪುಟ್ಟ ಸಹಿ.
ಇಲ್ಲಿ ಅಳಿಸುವ ಹಾಗಿಲ್ಲ, ಗೀಚಿ ಮುಚ್ಚುವ ಹಾಗೂ ಇಲ್ಲ.
ತಪ್ಪು ಗೆರೆಯಡಿಯಲ್ಲೇ ಓದಲು ಸಿಗಬೇಕು.

ಮತ್ತೆ ಬಾಕಿಗಳು, ಕಿರಾಣಿ ಅಂಗಡಿಯ ಉದ್ರಿಯ ಹಾಗೆ:
ಏಳನೇ ಸಾಲಿನ ಓದುವ ದೀಪ ಉರಿಯದು, ಶನಿವಾರದೊಳಗೆ.
ಕಾಫಿ ಡಬ್ಬಿ ಕಾಯದು, ಬಿಡಿಭಾಗ ಬರಬೇಕು.
"ಕಾಫಿಯಿಲ್ಲದೆ ಹಾರಬಹುದು ಅಂತ ಯಾವ ಮಹಾನುಭಾವ ಬರೆದ?"
ಪಕ್ಕದ ಸೀಟಿನಿಂದ ಫರ್ಹಾನಾ.

ಅಪ್ಪ ಸಿಂಧನೂರಿನ ಅಕ್ಕಿ ಗಿರಣಿಯ ಫಿಟ್ಟರು.
ಬೇರಿಂಗಿಗೆ ಸ್ಕ್ರೂಡ್ರೈವರ್ ಹಚ್ಚಿ, ಹಿಡಿಕೆಗೆ ಕಿವಿಯಿಟ್ಟು
"ಇನ್ನಾ ಎಂಟು ದಿನ, ಅಷ್ಟ" ಅನ್ನುತ್ತಿದ್ದ.
ಎಂಟೇ ದಿನ.
ಒಂದಕ್ಷರ ಬರೆದಿಡಲಿಲ್ಲ.
ಅವನು ಹೋದ ವರ್ಷ ಗಿರಣಿಯಲ್ಲಿ ಮೂರು ಬೆಲ್ಟು ಹರಿದವು.

ಸಹಿ ಮಾಡುವ ಮುಂಚೆ ಇಳಿದು ಒಂದು ಸುತ್ತು ಬಂದೆ.
ಹಿಂಬಾಗಿಲ ರಬ್ಬರಿನ ಮೇಲೆ ಬೆರಳಾಡಿಸಿದೆ. ನುಣುಪು.
ಚೌಕಟ್ಟಿನ ಒಳಂಚಿಗೆ, ಒರೆಸಲು ಮರೆತ
ಒಂದು ಕೆಂಪು ಹೆಬ್ಬೆಟ್ಟು.
ಅವರನ್ನು ನೋಡಿಲ್ಲ ನಾನು. ನಾನು ಬರುವ ಹೊತ್ತಿಗೆ
ಪಾಳಿ ಮುಗಿದು ಬೈಕು ಕುರೇಕುಪ್ಪದ ದಾರಿ ಹಿಡಿದಿರುತ್ತದೆ.

ಹೈದರಾಬಾದಿಗೆ ಇಳಿಯುವಷ್ಟು ಹೊತ್ತೂ
ಕಣ್ಣು ಮುಂದೆ, ಕಿವಿ ಹಿಂದೆ.
ಎಡಗಡೆ ಬರೆದೆ: ಏನೂ ಇಲ್ಲ.
ಬರೆದು, ಪೆನ್ನು ಮುಚ್ಚದೆ ಕೂತೆ.
ರಾತ್ರಿ ಟಾರ್ಚು ಹಿಡಿದು ಅವರಿದನ್ನು ಓದುತ್ತಾರೆ.
ಸಿಳ್ಳೆ ನಿಂತಿತೋ, ಇವಳಿಗೆ ಕೇಳಿಸಲಿಲ್ಲವೋ ಅಂತ
ಮತ್ತೊಮ್ಮೆ ಆ ಬಾಗಿಲಿಗೆ ಹೋದರೂ ಹೋದಾರು.
ಒಂದೇ ಗೆರೆ ಹೊಡೆದು, ಪಕ್ಕಕ್ಕೆ ಪುಟ್ಟ ಸಹಿ ಹಾಕಿ,
ಕೆಳಗೆ ಬರೆದೆ:
ಹಿಂಬಾಗಿಲ ಕಡೆ ಸದ್ದಿಲ್ಲ. ಕಿವಿಗೊಟ್ಟು ಕೇಳಿದ್ದೇನೆ.