ಎರಡನೇ ಪ್ರತಿ

ಜೆಪ್ಪುವಿನ ಶಾಲೆಯ ಹಾಲಿನಲ್ಲಿ ಹನ್ನೊಂದು ದಿನ
ನಾವು ಮೂವತ್ತಾರು ಹುಡುಗಿಯರು ನಗರಪಾಲಿಕೆಯಾಗಿದ್ದೆವು.
ಬೆಂಚು ತಿರುಗಿಸಿದರೆ ಸಭಾಂಗಣ,
ಊಟದ ಗಂಟೆಯೇ ಅಧ್ಯಕ್ಷರ ಗಂಟೆ.
ಚೀಟಿ ಎತ್ತಿದಾಗ ಮಿಸ್ರಿಯಾಳಿಗೆ ನೀರು ಬಂತು,
ಫ್ಲೇವಿಯಾಳಿಗೆ ತೆರಿಗೆ, ನನಗೆ ದಾರಿದೀಪ.
ಚಂಚಲಾಕ್ಷಿಗೆ ಚರಂಡಿ. ಅವಳು ಅತ್ತಳು,
ಆಮೇಲೆ ಎಲ್ಲರಿಗಿಂತ ಜೋರು ಮಾತಾಡಿದ್ದೂ ಅವಳೇ.

ಸೆವ್ರಿನ್ ಟೀಚರ್ ಭಾಷಣ ಕಲಿಸಲಿಲ್ಲ.
ಕಲಿಸಿದ್ದು ಇಷ್ಟು:
ತಾರೀಕು ಹಾಕಿ. ಒಂದು ಅರ್ಜಿಗೆ ಒಂದೇ ದೂರು.
'ದಯವಿಟ್ಟು' ಒಮ್ಮೆ ಸಾಕು, ಮೂರು ಸಲ ಬೇಡ.
ಮತ್ತೆ, ಎರಡು ಪ್ರತಿ.
ಒಂದು ಅವರಿಗೆ. ಇನ್ನೊಂದಕ್ಕೆ ಸೀಲು ಹೊಡೆಸಿ
ಮನೆಗೆ ತರದಿದ್ದರೆ
ನೀವು ಅಲ್ಲಿಗೆ ಹೋಗಲೇ ಇಲ್ಲ ಅಂತ ಲೆಕ್ಕ.

ಒಂಬತ್ತನೇ ದಿನ ಲಾಲ್‌ಬಾಗಿಗೆ, ನಿಜವಾದ ಆಫೀಸಿಗೆ.
ಗುಮಾಸ್ತರು ನಕ್ಕರು. ಒಬ್ಬರು ಬಾದಾಮಿ ಹಾಲು ತರಿಸಿದರು.
ನನ್ನದು: ಬೆಂಗ್ರೆಯ ಕಡವಿಗೆ ಒಂದು ದೀಪ;
ಏಳರ ದೋಣಿಯಿಂದ ಇಳಿಯುವ ಹೆಂಗಸರು
ಹಲಗೆಯನ್ನು ಕಾಲಲ್ಲಿ ತಡವಿ ಹುಡುಕುತ್ತಾರೆ.
ಸೀಲು ಬಿತ್ತು, ಓರೆಯಾಗಿ, ನೇರಳೆ ಬಣ್ಣದಲ್ಲಿ.
ಎದೆಗೊತ್ತಿ ಹಿಡಿದು ಹೊಳೆ ದಾಟಿದೆ,
ಶಾಯಿ ಯೂನಿಫಾರ್ಮಿಗೆ ಅಂಟಿತು.
ಅಮ್ಮ ಬೈದದ್ದು ಆ ಕಲೆಗೆ.

ಅಮ್ಮ ಬೀಡಿ ಕಟ್ಟುತ್ತಿದ್ದಳು.
ಶನಿವಾರ ಬ್ರಾಂಚಿನಲ್ಲಿ ಕಂಟ್ರಾಕ್ಟರು
ಕಟ್ಟು ಹಿಸುಕಿ, 'ಚಾಟು' ಎಂದು ಬದಿಗೆಸೆದರೆ
ಆಯಿತು, ಲೆಕ್ಕವೆಲ್ಲ ಬಾಯಲ್ಲೇ.
ಶಿಬಿರ ಮುಗಿದ ವಾರ ನಾನೂ ಹೋಗಿದ್ದೆ.
'ಎಷ್ಟು ಚಾಟು ಅಂತ ಪಾಸ್‌ಬುಕ್ಕಿನಲ್ಲಿ ಬರೆಯಿರಿ' ಎಂದೆ.
ತಕ್ಕಡಿಯ ಸದ್ದು ನಿಂತಿತು.
ಐಸ್ ಪ್ಲಾಂಟಿನ ತಿರುವಿನಲ್ಲಿ, ಎಲ್ಲರೂ ನೋಡುವಂತೆ,
ಅಮ್ಮ ಕೆನ್ನೆಗೆ ಕೊಟ್ಟಳು.
ಮುಂದಿನ ಶನಿವಾರ ನನ್ನನ್ನು ಕರೆಯಲಿಲ್ಲ.
ಬಂದ ಮೇಲೆ ನೋಡಿದರೆ ಪಾಸ್‌ಬುಕ್ಕಿನಲ್ಲಿ
ಹೊಸದೊಂದು ಸಾಲು ಉಂಟು:
ಚಾಟು, ನಲವತ್ತು. ಕೆಳಗೆ ಸಹಿ.
ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
'ಬಂಗುಡೆ ತಂದಿದ್ದೇನೆ, ಮಸಾಲೆ ಅರೆ' ಎಂದಳು.

ದೀಪ ಬಂದದ್ದು ಎರಡು ಮಳೆಗಾಲ ಕಳೆದು.
ಆರು ತಿಂಗಳು ಉರಿದು ಕೆಟ್ಟಿತು. ಮತ್ತೆ ಬರೆದೆ.

ಇಪ್ಪತ್ತಮೂರು ವರ್ಷ ಆಯಿತು ಮಾರಾಯ್ತಿ,
ನಮ್ಮಲ್ಲಿ ಯಾರೂ ಮೇಯರ್ ಆಗಲಿಲ್ಲ.
ಫ್ಲೇವಿಯಾ ಕುವೈತಿನಲ್ಲಿ, ಸಂಬಳ ನಿಂತಾಗ
ಹದಿನಾಲ್ಕು ಜನರ ಪರವಾಗಿ ಕಾಗದ ಬರೆದಳಂತೆ.
ಮಿಸ್ರಿಯಾ ವಾರ್ಡಿಗೆ ನಿಂತು ಅರವತ್ತೊಂದು ಮತದಲ್ಲಿ ಸೋತಳು.
ಗಂಡ ಈಗಲೂ ಆ ಅರವತ್ತೊಂದು ಜನರನ್ನು ಹುಡುಕುತ್ತಿದ್ದಾನೆ;
ಅವಳು ಮರುದಿನವೇ ನಳ್ಳಿ ನೀರಿನ ಹಿಂದೆ ಹೋದಳು.
ಚಂಚಲಾಕ್ಷಿ...
ಗಂಡನ ಮನೆಯಿಂದ ಠಾಣೆಗೆ ಮೂರು ಸಲ ಹೋಗಿದ್ದಳು.
ಅವಳು ಹೋದ ಮೇಲೆ ಅಕ್ಕಿ ಡಬ್ಬಿಯ ತಳದಲ್ಲಿ ಸಿಕ್ಕಿದ್ದು
ಮೂರು ಸ್ವೀಕೃತಿ, ಮಡಚಿ, ತಾರೀಕು ಸಮೇತ.
ಕೋರ್ಟು ಅವನ್ನು ನಂಬಿತು.
ಟೀಚರ್, ಎರಡು ಪ್ರತಿ ಸಾಲಲಿಲ್ಲ.

ಈಗ ಸೀಲು ನನ್ನ ಕೈಯಲ್ಲೇ ಉಂಟು. ಟಪಾಲು ವಿಭಾಗ,
ಕಿಟಕಿ ನಂಬ್ರ ಎರಡು.
ಒಂದೇ ಕಾಗದ ಹಿಡಿದು ಬಂದವರಿಗೆ ಹೇಳುತ್ತೇನೆ,
'ಎದುರೇ ಜೆರಾಕ್ಸ್ ಅಂಗಡಿ. ಹೋಗಿ ಬನ್ನಿ, ಮುಚ್ಚುವುದಿಲ್ಲ.'
ಕೆಲವರು ಶಪಿಸುತ್ತಾರೆ. ಎರಡು ರೂಪಾಯಿ ದಂಡ ಅಂತ.
ಕೆಲವರಿಗೆ ಆ ಎರಡು ರೂಪಾಯಿ ನಿಜಕ್ಕೂ ಇರುವುದಿಲ್ಲ;
ಡ್ರಾಯರಿನಲ್ಲಿ ಚಿಲ್ಲರೆ ಇಟ್ಟುಕೊಂಡಿದ್ದೇನೆ.

ನಿನ್ನೆ ಸಂಜೆ ಕಡವಿನ ದೀಪ ಪುನಃ ಕೆಟ್ಟಿತ್ತು.
ದೋಣಿ ತಾಗಿದಾಗ ಒಬ್ಬಳು ಹುಡುಗಿ
ಮೊಬೈಲಿನ ಬೆಳಕನ್ನು ಹಲಗೆಗೆ ಹಿಡಿದು
ಮೀನಿನ ಬುಟ್ಟಿಯವರೆಲ್ಲ ಇಳಿಯುವವರೆಗೆ ನಿಂತಳು.
ಒಳ್ಳೆಯ ಹುಡುಗಿ. ಆದರೆ ಆ ಬೆಳಕು
ಅವಳು ಕೊಡಬೇಕಾದದ್ದಲ್ಲ.
'ಬ್ಯಾಟರಿ ಎಷ್ಟುಂಟು?' ಕೇಳಿದೆ.
'ಒಂಬತ್ತು ಪರ್ಸೆಂಟು, ಆಂಟಿ.'
'ಪೆನ್ನು ಉಂಟಾ?'