ಒಂದು ಚುಕ್ಕಿ ಬಾಕಿ

ಕಾರಾ-ಕೆಚೂ ಕಣಿವೆಯ ಹಿಮಪಾತ ಠಾಣೆ.
ಇಲಿಯೂ ಬದುಕದ ಎತ್ತರ; ಕಂಪ್ಯೂಟರಿಗೂ ಮೌಸ್ ಇಲ್ಲ.
ಕಪ್ಪು ಪರದೆ, ಹಸಿರು ಅಕ್ಷರ,
ಕಾದು ಕೂತ ಒಂದು ಕರ್ಸರ್.

ಅಕ್ಟೋಬರಿನಲ್ಲಿ ನಾನು ಹತ್ತಿದೆ, ತೊಕ್ತೊಸುನ್ ಇಳಿದ.
ಹತ್ತೊಂಬತ್ತು ಚಳಿಗಾಲ ಕಳೆದು ಅವನು ಬಿಟ್ಟುಹೋದದ್ದು
ಅರ್ಧ ಚೀಲ ಕುರುತ್, ಹೊಗೆ ಹಿಡಿದ ಕೆಟಲು,
ಗೋಡೆಗೆ ಮೊಳೆ ಹೊಡೆದ ರಟ್ಟಿನ ಚೂರಿನಲ್ಲಿ
ಪೆನ್ಸಿಲಿನ ಬರಹ:

‘ಮೇಲ್ ಎಂದು ಒತ್ತು, ಪಕ್ಕದಲ್ಲಿ ಜಿಪಾರ್ ವಿಳಾಸ.
ವಿಷಯ ಕೇಳುತ್ತದೆ: ಹಿಮ ಎಷ್ಟು, ಅಷ್ಟೇ ಬರೆ.
ಒಳಗೆ ಗಾಳಿ, ಬಿಸಿಲು, ಬಿರುಕು.
ಮುಗಿದಾಗ ಒಂದು ಸಾಲಲ್ಲಿ ಬರಿ ಒಂದು ಚುಕ್ಕಿ ಇಡು; ಹೋಗುತ್ತದೆ.
ಮೇಲಿನ ಸಾಲಿಗೆ ಹಿಂದಿರುಗಲು ಬರುವುದಿಲ್ಲ.
ಯೋಚಿಸಿ ಬರೆ.’

ಕೆಳಗೆ ರಸ್ತೆಯ ಗೇಟಿನಲ್ಲಿ ಜಿಪಾರ್.
ನಮ್ಮ ಕಾಗದ ಓದಿ ಅಡ್ಡಗಂಬ ಇಳಿಸುತ್ತಾಳೆ;
ಈರುಳ್ಳಿ ಲಾರಿಗಳು ಬೈಯುತ್ತ ನಿಲ್ಲುತ್ತವೆ, ಬದುಕುತ್ತವೆ.
ಮೊದಲ ವಾರ ನೂರನಲವತ್ತರ ಬದಲು ಹದಿನಾಲ್ಕು ಬರೆದೆ.
ಎಂಟರ್ ಒತ್ತಿಯಾಗಿತ್ತು. ಆಡಿದ ಮಾತು, ಒಡೆದ ಮುತ್ತು.
ಕೆಳಗಿನ ಸಾಲಲ್ಲಿ ‘ಮೇಲಿನದು ತಪ್ಪು’ ಎಂದೆ.
‘ತಿಳಿಯಿತು’ ಎಂದಳು.
ಅವಳ ಒಕ್ಕಣೆ ಯಾವತ್ತೂ ಅಷ್ಟೇ, ಒಂದು ಪದ.

ಜನವರಿಯ ಬಿರುಗಾಳಿಯಲ್ಲಿ ಉಪಗ್ರಹ ಸಿಗದೆ ಎರಡು ದಿನ
ಬೇಸರಕ್ಕೆ ಕಡತ ಕೆದಕುತ್ತಿದ್ದೆ.
ಒಂದರ ಹೆಸರು ಸತ್ತ ಕಾಗದ.
ಅವನಿಟ್ಟ ಹೆಸರಲ್ಲ. ಅರ್ಧಕ್ಕೆ ಕೈಬಿಟ್ಟದ್ದನ್ನೆಲ್ಲ
ಯಂತ್ರವೇ ಹಾಗೆ ಕರೆದು ಒಂದರ ಕೆಳಗೊಂದು ಇಡುತ್ತದೆ.

‘ಜಿಪಾರ್, ಹಿಮ ತೊಂಬತ್ತಾರು. ರೇಡಿಯೋದಲ್ಲಿ ನಿನ್ನ ದನಿ
ನೆಗಡಿಯಾದ ಹಾಗಿತ್ತು, ಕರಡಿ ಕೊಬ್ಬು’

‘ಜಿಪಾರ್, ತೋಳವೊಂದು ಬಂದು ಅಳತೆಗಂಬಕ್ಕೆ ಮೈ ಉಜ್ಜಿ’

‘ಜಿಪಾರ್, ನಿನ್ನ ಗಂಡ ಹೋದ ಮೂರನೆಯ ವರ್ಷ ಇದು. ಕೇಳಬೇಕೆಂದು’

‘ಜಿಪಾರ್, ಇವತ್ತು ಹಿಮ ಇಲ್ಲ.
ಹಿಮ ಇಲ್ಲದ ದಿನ ನಿನಗೆ ಬರೆಯಲು ನೆಪ’

ಅರವತ್ತೆಂಟು. ಎಣಿಸಿದೆ, ತಪ್ಪೆಂದು ಗೊತ್ತಿದ್ದೂ.

ನಾನೂ ಒಂದು ಕಾಗದ ಸುಮ್ಮನೆ ಶುರುಮಾಡಿ ಬಿಟ್ಟು ನೋಡಿದೆ.
ಬಿಡಲು ಒಮ್ಮೆ ಒತ್ತಿದರೆ ಸಾಲದು; ಯಂತ್ರ ತಡೆದು ಹೇಳುತ್ತದೆ,
‘ಇನ್ನೊಮ್ಮೆ ಒತ್ತಿದರೆ ಕಾಗದ ಸಾಯುತ್ತದೆ.’
ಅಂದರೆ ಅರವತ್ತೆಂಟು ಸಲ ಅದು ಅವನನ್ನು ಕೇಳಿದೆ.
ಅರವತ್ತೆಂಟು ಸಲ ಅವನು ಎರಡನೆಯ ಬಾರಿ ಒತ್ತಿದ್ದಾನೆ.
ಕಳಿಸಲಿಕ್ಕಾದರೆ ಒಂದೇ ಚುಕ್ಕಿ ಸಾಕಿತ್ತು.
ಗಾಳಿ ನಿಂತ ಆ ರಾತ್ರಿ ಕಿಟಕಿಯಾಚೆ ಲೆಕ್ಕವಿಲ್ಲದಷ್ಟು ಚುಕ್ಕಿ,
ಇವನ ಹತ್ತಿರ ಒಂದಕ್ಕೆ ಬರ.

ತೊಕ್ತೊಸುನ್ ಅಂದರೆ ನಮ್ಮಲ್ಲಿ ‘ನಿಲ್ಲಲಿ’ ಅಂತ.
ಮುಂಚಿನ ಕೂಸುಗಳು ಉಳಿಯದ ಮನೆಯಲ್ಲಿ ಇಡುವ ಹೆಸರು.
ಮಗ ನಿಂತ. ಮಾತೂ ನಿಂತಿತು.

ಬಾಯಿ ತೆರೆದ ಒಂದು ಬಾಣದ ಗುರುತು ಹಾಕಿ
ಮುಂದೆ ಆ ಕಡತದ ಹೆಸರು ಬರೆದರೆ
ಇಡೀ ರಾಶಿ ಒಂದೇ ಗುಕ್ಕಿಗೆ ಇಳಿದುಹೋಗುತ್ತದೆ.
ಬರೆದೆ. ಎಂಟರ್ ಮೇಲೆ ಬೆರಳಿಟ್ಟೆ.
ಚಹಾ ಆರಿತು. ಒಂದೊಂದೇ ಅಕ್ಷರ ಅಳಿಸಿದೆ.

ಬೆಳಿಗ್ಗೆ ರೇಡಿಯೋದಲ್ಲಿ ಅವನನ್ನೇ ಕರೆದೆ, ಮಗಳ ಮನೆಗೆ.
‘ನಿಮ್ಮದೊಂದು ಕಡತ ಇಲ್ಲಿದೆ. ಕಳಿಸಲೋ, ಅಳಿಸಲೋ?’
ಬರೀ ಕರಕರ. ಆಮೇಲೆ,
‘ಹಿಮ ಎಷ್ಟು?’
‘ನೂರ ಅರವತ್ತೆಂಟು.’
‘ರಸ್ತೆ ಮುಚ್ಚಲು ಬರೆದೆಯಾ?’
‘ಇನ್ನೂ ಇಲ್ಲ.’
‘ಮೊದಲು ಅದನ್ನು ಬರಿ, ದಡ್ಡ.’

ಬರೆದೆ. ಚುಕ್ಕಿ ಇಟ್ಟೆ. ‘ತಿಳಿಯಿತು.’

ಸಂಜೆ ಉಪಗ್ರಹ ತಲೆಯ ಮೇಲೆ ಹಾಯುವಾಗ ಇನ್ನೊಂದು ಬಂತು,
ಜಿಪಾರಳಿಂದ, ಮೊದಲ ಸಲ ಒಂದು ಪದಕ್ಕಿಂತ ಉದ್ದ:
‘ತೊಕ್ತೊಸುನ್ ಗೇಟಿಗೆ ಬಂದಿದ್ದಾನೆ, ಈ ಹಿಮದಲ್ಲಿ, ನಡೆದು.
ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಾನೆ.
ಏನೋ ಹೇಳಬೇಕಂತೆ, ಹೇಳುತ್ತಿಲ್ಲ.
ನಿನಗೇನಾದರೂ ಗೊತ್ತೆ?’

ಯೋಚಿಸಿ ಬರೆದೆ:
ಹಿಮ ನೂರ ಎಪ್ಪತ್ತೊಂದು. ಗಾಳಿ ಇಲ್ಲ.
ನನಗೇನೂ ಗೊತ್ತಿಲ್ಲ.
ರಸ್ತೆ ಹೇಗೂ ಮುಚ್ಚಿದೆ, ಇನ್ನೊಂದು ಲೋಟ ಚಹಾ ಕೊಡು
.