ಸರದಿ

ಮಧ್ಯಾಹ್ನ ಎರಡೂ ಹನ್ನೆರಡಕ್ಕೆ ಮೆಟ್ಟಿಲಿಳಿಯುತ್ತೇನೆ.
ಮೇಲೆ ಲಾಂಡ್ರಿ, ಕೆಳಗೆ ಜಿಮ್ಮು;
ನಮ್ಮ ಬೆವರಿಗೂ ಯಾರದೋ ಇಸ್ತ್ರಿಯ ವಾಸನೆ.
ಹೆಂಗಸರ ಹೊತ್ತು ಎರಡರಿಂದ ನಾಲ್ಕು ಎನ್ನುತ್ತದೆ
ಬಾಗಿಲಿಗೆ ಅಂಟಿಸಿದ ಹಾಳೆ.
ನನ್ನ ಹೊತ್ತು ಎರಡೂ ಐವತ್ತರ ತನಕ.
ಆಮೇಲೆ ಗುದೈಬಿಯಾದ ತಿರುವಿನಲ್ಲಿ ಡ್ಯೂಟಿ ಬಸ್ಸು
ಮೂರು ಸಲ ಹಾರ್ನ್ ಹೊಡೆಯುತ್ತದೆ.
ನಾಲ್ಕನೆಯದಿಲ್ಲ.

ಬಟ್ಟೆ ಬದಲಿಸಲು ನಾಲ್ಕು, ಮುಖ ತೊಳೆಯಲು ಮೂರು,
ಲೇಸು ಕಟ್ಟುವುದು, ಬೀಗದ ಕೈ ಹುಡುಕುವುದು, ಓಡುವುದು,
ಎಲ್ಲ ಸೇರಿ ಹನ್ನೆರಡು ಕಳೆದರೆ
ಉಳಿಯುವುದು ಇಪ್ಪತ್ತಾರು ನಿಮಿಷ.
ಡ್ರಿಪ್ಪಿನ ಹನಿ ಎಣಿಸಿದ್ದು ಹನ್ನೊಂದು ವರ್ಷ,
ಈ ಲೆಕ್ಕ ನನಗೆ ಯಾರೂ ಕಲಿಸಬೇಕಿಲ್ಲ.
ಅಷ್ಟು ಹೊತ್ತು ಮಲಗಬಾರದೇ ಅನ್ನುತ್ತಾಳೆ ರೂಮಿನ ಜಿನ್ಸಿ.
ಮಲಗಿದರೆ ಇಪ್ಪತ್ತಾರೂ
ನಿದ್ದೆಗೆ ಕಾಯುವುದರಲ್ಲೇ ಮುಗಿಯುತ್ತವೆ.

ಮೊದಮೊದಲು ದುರಾಸೆ.
ಟ್ರೆಡ್‌ಮಿಲ್ಲಿನ ಮೇಲೆ ಹತ್ತು ನಿಮಿಷ ಓಡಿ
ಹೊರಟಲ್ಲೇ ಇಳಿಯುತ್ತಿದ್ದೆ.
ಕನ್ನಡಿಯೆದುರು ಗುಲಾಬಿ ಡಂಬೆಲ್ಲು,
ಆಮೇಲೆ ಎಲ್ಲ ಯಂತ್ರಗಳನ್ನೂ ಒಂದೊಂದು ಸಲ ಮುಟ್ಟಿ
ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.
ಒಂದು ರಾತ್ರಿ ಆರನೇ ಮಂಚದ ಅಜ್ಜನನ್ನು,
ತೊಂಬತ್ತೆರಡು ಕಿಲೋ, ಮಗ್ಗುಲಿಗೆ ಹೊರಳಿಸುವಾಗ
ಸೊಂಟ ಚಳಕ್ಕೆಂದಿತು.
ಅಂದಿನಿಂದ ಮೂರೇ ಮೂರು:
ನೆಲದಿಂದ ಎತ್ತುವುದು, ಹೊತ್ತು ಕೂತು ಏಳುವುದು,
ಎದೆಯತ್ತ ಎಳೆಯುವುದು.
ಮಿಕ್ಕಿದ್ದೆಲ್ಲ ಒಗ್ಗರಣೆ.

ಇಡೀ ಜಿಮ್ಮಿಗೆ ನೆಟ್ಟಗಿರುವ ಸರಳು ಒಂದೇ.
ಒಂದು ಮಂಗಳವಾರ ಅದರ ಮುಂದೆ ಇಹ್ಸಾನ್,
ಸುಡಾನಿನವಳು, ಗಣಿತದ ಟೀಚರು.
ತನ್ನ ಶಾಲೆ ಬಿಟ್ಟು ಮಗನ ನರ್ಸರಿ ಬಿಡುವುದರೊಳಗೆ
ಅವಳಿಗೂ ಅಷ್ಟೇ, ಒಂದು ಚೂರು ಹೊತ್ತು.
ಸುತ್ತಿಗೊಮ್ಮೆ ಎರಡು ನಿಮಿಷ ಕೂರುತ್ತಿದ್ದಳು.
ನಾನು ಗೋಡೆಯ ಗಡಿಯಾರ ನೋಡಿದೆ,
ಅವಳು ನನ್ನನ್ನು ನೋಡಿದಳು.
ನನ್ನ ಅರಬ್ಬಿ ಆಸ್ಪತ್ರೆಯದು:
ಉಸಿರು ಎಳೆಯಿರಿ, ಊಟ ಆಯಿತೇ, ಎಲ್ಲಿ ನೋವು.
ಬೇರೇನೂ ತೋಚದೆ
ಎಲ್ಲಿ ನೋವು ಎಂದು ಕೇಳಿಬಿಟ್ಟೆ.
ಅವಳು ನಕ್ಕು, ಗಡಿಯಾರ ತೋರಿಸಿದಳು.

ಬೆರಳಲ್ಲೇ ಪಾಠ ಮಾಡಿದಳು ಆಮೇಲೆ.
ನೀನು ಎತ್ತುವಾಗ ನನಗೆ ಬಿಡುವು,
ನಾನು ಎತ್ತುವಾಗ ನಿನಗೆ.
ಇಬ್ಬರ ಹೊತ್ತೂ ಒಂದರೊಳಗೊಂದು ಕೂತಿತು
ಸೇರಿನೊಳಗೆ ಪಾವು ಕೂತ ಹಾಗೆ.
ಅವಳದು ಐವತ್ತು ಕಿಲೋ, ನನ್ನದು ನಲವತ್ತು.
ಐದೈದರ ಎರಡು ತಟ್ಟೆ
ಹಾಕುವುದು ತೆಗೆಯುವುದು, ಹಾಕುವುದು ತೆಗೆಯುವುದು,
ಅದೇ ಒಂದು ಕಸರತ್ತು.

ಅಮ್ಮ ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಹೊರುತ್ತಿದ್ದಳು.
ಬುಟ್ಟಿ ತಲೆಗೇರಿದ ಮೇಲೆ ಎಷ್ಟು ದೂರವೂ ನಡೆದೇನು,
ಏರಿಸಲು ಇನ್ನೊಂದು ಕೈ ಬೇಕು ಅನ್ನುತ್ತಿದ್ದಳು.
ಒಬ್ಬಳಿಗೆ ಇನ್ನೊಬ್ಬಳು ಎತ್ತಿಸುವಳು,
ಅವಳಿಗೆ ಮತ್ತೊಬ್ಬಳು.
ಕೊನೆಯವಳಿಗೆ ಯಾರು ಎತ್ತಿಸುತ್ತಿದ್ದರೋ.
ಫೋನಿನಲ್ಲಿ ಕೇಳಬೇಕೆಂದುಕೊಳ್ಳುತ್ತೇನೆ,
ದುಡ್ಡು ಮುಟ್ಟಿತೇ ಎನ್ನುವಷ್ಟರಲ್ಲಿ ಮರೆಯುತ್ತೇನೆ.

ಈ ವಾರ ಇಹ್ಸಾನ್ ಬಂದಿಲ್ಲ.
ಮಗನಿಗೆ ಜ್ವರವೋ, ತಿದ್ದುವ ಪೇಪರುಗಳೋ.
ಸರಳು ಪೂರ್ತಿ ನನ್ನದೇ.
ಬಿಡುವು ಬರೀ ಬಿಡುವಾಗಿ ಉಳಿದು
ಏನು ಮಾಡಬೇಕೋ ತಿಳಿಯದೆ ಎರಡು ಸಲ ನೀರು ಕುಡಿದೆ.
ಮೂರನೆಯ ಸುತ್ತಿಗೆ ನೋಡುತ್ತೇನೆ,
ಕೈ ತನ್ನ ಪಾಡಿಗೆ ಐದೈದರ ತಟ್ಟೆ ಏರಿಸಿಬಿಟ್ಟಿದೆ.
ಅವಳ ತೂಕ.
ತೆಗೆಯಲು ಹೊತ್ತಿಲ್ಲ.
ಬಗ್ಗಿದೆ, ಎತ್ತಿದೆ.

ಮೇಲಿನ ಕಿಂಡಿಯಿಂದ ಒಂದು ಹಾರ್ನ್.
ಬಟ್ಟೆ ಬದಲಿಸದೆಯೇ ಓಡಬೇಕು ಇವತ್ತು.
ಇನ್ನೂ ಎರಡು ಹಾರ್ನ್ ಇವೆ.
ಮತ್ತೆ ಬಗ್ಗಿದೆ.